ನನಗೆ ಯಾಕೆ ಏನೂ ಆಗಲಿಲ್ಲ

ನನ್ನ ತಮ್ಮ ಕುಡಿದು ಸತ್ತ ಎಂದು ಬಸವಕಲ್ಯಾಣದಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಅವರ ಜೊತೆ ಜಗಳ ತೆಗೆದಿದ್ದೇನೆ, ಒಮ್ಮೆ ಚಹಾದಂಗಡಿಯಲ್ಲಿ ಒಬ್ಬನ ಕೊರಳಪಟ್ಟಿಗೆ ಕೈ ಹಾಕಿದ್ದೂ ಉಂಟು. ಯಾರ ಮನಸ್ಸೂ ಬದಲಾಗಲಿಲ್ಲ. ಅವರ ಹತ್ತಿರ ಒಂದು ಗಟ್ಟಿ ಸಾಕ್ಷಿ ಇದೆ, ಆ ಸಾಕ್ಷಿ ನಾನೇ. ಒಂದೇ ಷೆಡ್ಡಿನಲ್ಲಿ, ಒಂದೇ ಡ್ರಮ್ಮಿನ ದ್ರವದಲ್ಲಿ ತಮ್ಮನಷ್ಟೇ ಹೊತ್ತು ಕೈ ಅದ್ದಿದ ಅಣ್ಣ ಕಲ್ಲುಗುಂಡಿನಂತೆ ಓಡಾಡಿಕೊಂಡಿದ್ದಾನೆ, ಹಾಗಿದ್ದ ಮೇಲೆ ತಮ್ಮನಿಗೆ ಮಾತ್ರ ಏನಾಯಿತು ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಆರು ದಿನ ಹಿಡಿದವು. ತಮ್ಮನ ಹತ್ತಿರ ಉಳಿದಿದ್ದ ದಿನಗಳೂ ಅಷ್ಟೇ.

ಊರ ಹೊರಗೆ ಬಂಗ್ಲಾ ಎಂಬ ಕೂಡುರಸ್ತೆಯ ಹತ್ತಿರ ಹೈವೇಗೆ ಹೊಂದಿಕೊಂಡು ಲಾರಿ ರಿಪೇರಿಯ ಷೆಡ್ಡುಗಳ ಸಾಲಿದೆ. ಅದರಲ್ಲೊಂದು ನಮ್ಮದು. ಗೇರ್‌ಬಾಕ್ಸ್ ಬಿಚ್ಚಿ, ನಾವು ಹಲ್ಲು ಎಂದು ಕರೆಯುವ ಗೇರ್ ಚಕ್ರಗಳನ್ನೂ ಬೇರಿಂಗುಗಳನ್ನೂ ತೊಳೆದು, ಸವೆದದ್ದನ್ನು ಬದಲಿಸಿ ಮತ್ತೆ ಕೂಡಿಸುವುದು ನಮ್ಮ ಕೆಲಸ. ನಾನು ಕಡ್ಡಿ ಪೈಲ್ವಾನ. ತಮ್ಮ ನನಗಿಂತ ಆರು ವರ್ಷ ಚಿಕ್ಕವನು, ತೂಕದಲ್ಲಿ ಮಾತ್ರ ನನ್ನ ಎರಡರಷ್ಟು. ಗುಜರಿಯವನ ಕಾಂಟಾದ ಮೇಲೆ ನಿಂತು ಒಂದು ಕ್ವಿಂಟಾಲ್ ದಾಟಿದ ದಿನ ಇಡೀ ಸಾಲಿಗೆ ಭಜಿ ತಿನ್ನಿಸಿದ್ದ. ಬೇರೆಯವರು ಜ್ಯಾಕ್ ಹಚ್ಚಿ ಇಳಿಸುವ ಗೇರ್‌ಬಾಕ್ಸನ್ನು ಅವನು ಲಾರಿಯ ಕೆಳಗೆ ಅಂಗಾತ ಮಲಗಿ ಹೊಟ್ಟೆಯ ಮೇಲೆ ಇಳಿಸಿಕೊಳ್ಳುತ್ತಿದ್ದ. ಅದಕ್ಕೇ ಅವನಿಗೆ ಕ್ರೇನ್ ಎಂದು ಕರೆಯುತ್ತಿದ್ದರು. ನಮ್ಮ ಮಂದಿಗೆ ದಪ್ಪ ಮೈ ಎಂದರೆ ಉಂಡುಟ್ಟ ಮನೆಯ ಗುರುತು. ಆ ಮೈಯ ಒಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ, ನಾನೂ ಕೇಳಿರಲಿಲ್ಲ.

ನಮ್ಮಪ್ಪ ಕುಡಿದು ಕುಡಿದು ಕಣ್ಣು ಹಳದಿಯಾಗಿ, ಹೊಟ್ಟೆ ಉಬ್ಬಿ ಸತ್ತ. ಆಗ ತಮ್ಮ ಏಳನೇ ಇಯತ್ತೆಯಲ್ಲಿದ್ದ. ಹೆಣ ಎತ್ತುವ ಮೊದಲು ಅವ್ವನ ಕೈ ಹಿಡಿದು, ಜೀವ ಇರುವತನಕ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟ. ಕೊಟ್ಟ ಮಾತು ಉಳಿಸಿಕೊಂಡ. ಮದುವೆ ಮನೆಗಳಲ್ಲಿ ಗೆಳೆಯರು ಬಾಟಲಿ ತೆಗೆದರೆ ಎದ್ದು ಹೋಗಿ ಊಟದ ಪಂಕ್ತಿಯಲ್ಲಿ ಕೂಡುತ್ತಿದ್ದ. ನಮ್ಮ ಮನೆಯಲ್ಲಿ ಕುಡಿಯುವವನು ನಾನು. ವಾರಕ್ಕೊಂದೆರಡು ಸಲ, ಷೆಡ್ಡಿನ ಹಿಂದೆ ಕುಳಿತು. ಅವ್ವನಿಗೆ ಅದು ಗೊತ್ತಿತ್ತು, ಗೊತ್ತಿಲ್ಲದವಳಂತೆ ಇದ್ದಳು. ಶ್ರಾವಣ ಬಂದರೆ ಒಂದು ತಿಂಗಳು ನಾನೂ ಬಿಡುತ್ತಿದ್ದೆ.

ಆ ಶ್ರಾವಣದಲ್ಲಿ ಹುಮನಾಬಾದ್ ಕಡೆಯ ಒಬ್ಬ ಡ್ರಮ್ಮಿನ ವ್ಯಾಪಾರಿ ನಮ್ಮ ಷೆಡ್ಡಿಗೆ ಬಂದ. ಖಾಲಿ ಡ್ರಮ್ಮುಗಳನ್ನು ಕೊಂಡು ನೀರು ತುಂಬಿಡಲು ಮಾರುವವನು, ಜೊತೆಗೆ ಉಳಿದ ಪಳಿದ ಎಣ್ಣೆಯನ್ನೂ ಮಾರುತ್ತಿದ್ದ. ಹೆಸರಿನ ಚೀಟಿ ಕೆರೆದು ತೆಗೆದಿದ್ದ ಒಂದು ಡ್ರಮ್ಮನ್ನು ಇಳಿಸಿ, ಗ್ರೀಸ್ ಹತ್ತಿದ ಒಂದು ಹಲ್ಲು ಇಸಿದುಕೊಂಡು ಒಳಗೆ ಅದ್ದಿ ತೆಗೆದ. ಹಲ್ಲು ಕನ್ನಡಿಯಂತೆ ಹೊಳೆಯಿತು.

"ಡೀಸೆಲ್‌ನಾಗ ಅರ್ಧಾ ದಿನ ತಿಕ್ಕತೀರಿ. ಇದು ನೋಡ್ರಿ ಮಿಸ್ತ್ರಿ, ಜಿಡ್ಡು ಕಂಡ್ರ ಸಾಕು, ತಾನೇ ಹುಡುಕ್ಕೊಂಡು ಹೋಗಿ ತಿಂದು ಹಾಕ್ತದ" ಅಂದ.

ಏನಿದು ಎಂದು ಕೇಳಿದೆ. ತೊಳೆಯುವ ಎಣ್ಣೆ ಅಂದ. ವಾಸನೆ ಕೆಟ್ಟದ್ದೇನೂ ಇರಲಿಲ್ಲ, ಸ್ವಲ್ಪ ಸಿಹಿಯಾಗಿಯೇ ಇತ್ತು. ಕೆಟ್ಟ ವಾಸನೆ ಬಂದಿದ್ದರೆ ನಾವು ಹುಷಾರಾಗುತ್ತಿದ್ದೆವೇನೋ.

ಮರುದಿನ ಸೋಮವಾರ. ತಮ್ಮನದು ಉಪವಾಸ. ದೇವರ ನೆಪ ಅರ್ಧ, ಇನ್ನರ್ಧ ಮೈ ಇಳಿಸುವ ಆಸೆ. ಚಿಟಗುಪ್ಪದಲ್ಲಿ ಅವ್ವ ಅವನಿಗೊಂದು ಹೆಣ್ಣು ನೋಡಿ ಬಂದಿದ್ದಳು, ಹುಡುಗಿ ಫೋಟೋ ನೋಡಿ ನಕ್ಕಳೆಂದು ಯಾರೋ ಇವನ ಕಿವಿಗೆ ಹಾಕಿದ್ದರು. ಆ ದಿನ ಎರಡು ಗೇರ್‌ಬಾಕ್ಸ್ ಬಂದಿದ್ದವು, ಎರಡನ್ನೂ ಸಂಜೆಯೊಳಗೆ ಕೊಡಬೇಕಿತ್ತು. ಹೊರಗೆ ಗಾಳಿ ಸಮೇತ ಜಿಟಿಜಿಟಿ ಮಳೆ. ಬೇರಿಂಗಿಗೆ ನೀರು ಸಿಡಿಯಬಾರದೆಂದು ಶಟರ್ ಪೂರ್ತಿ ಇಳಿಸಿ, ನಡುವೆ ಅಗಲವಾದ ಪರಾತದ ತುಂಬ ಆ ಎಣ್ಣೆ ಸುರಿದಿಟ್ಟುಕೊಂಡು, ಅದರ ಆಚೆ ಅವನು ಈಚೆ ನಾನು ಕುಳಿತೆವು. ಮುಂಜಾನೆಯಿಂದ ಸಂಜೆಯವರೆಗೆ ಬರಿಗೈಯಲ್ಲಿ ತೊಳೆದೆವು. ಪರಾತ ಬರಿದಾದರೆ ಮತ್ತೆ ತುಂಬುತ್ತಿದ್ದೆವು. ಅವನ ಮೂಗಿಗೆ ಹೋದಷ್ಟೇ ನನ್ನ ಮೂಗಿಗೂ ಹೋಯಿತು. ಇದನ್ನು ನಾನು ಎಷ್ಟು ಸಲ, ಎಷ್ಟು ಜನರ ಮುಂದೆ ಹೇಳಿದ್ದೇನೋ.

ಮಧ್ಯಾಹ್ನದ ಹೊತ್ತಿಗೆ ಅವನು ತಲೆ ಎತ್ತಿ, "ಅಣ್ಣಾ, ತಲಿ ತಿರಗಾಕತ್ತಾದ. ಶಟರ್ ಸ್ವಲ್ಪ ಎತ್ತಲೇನು?" ಎಂದು ಕೇಳಿದ.

ನನಗೂ ತಲೆ ಸಿಡಿಯುತ್ತಿತ್ತು. ಆದರೂ, "ಮಳಿ ಒಳಗ ಬರ್ತದ. ನನ್ನಂಥಾ ಕಡ್ಡಿನೇ ಕುಂತಾದ, ನಿನಗೇನಾಗ್ತದೋ? ಆನಿಗಿ ಇರುವಿ ಕಡದಂಗ" ಅಂದೆ.

ಅವನು ನಕ್ಕು ಮತ್ತೆ ಬಗ್ಗಿದ. ನಮ್ಮ ಸಾಲಿನಲ್ಲಿ ಎಲ್ಲರ ನಂಬಿಕೆಯೂ ಇದೇ. ದಪ್ಪ ಮನುಷ್ಯನಿಗೆ ಹೊಗೆ, ಪೇಂಟು, ಆ್ಯಸಿಡ್ಡು ಯಾವುದೂ ತಾಗುವುದಿಲ್ಲ, ಮಾಂಸವೇ ಎಲ್ಲ ಕುಡಿದುಕೊಳ್ಳುತ್ತದೆ ಅನ್ನುತ್ತೇವೆ. ಕೆಟ್ಟ ಕೆಲಸವಿದ್ದರೆ ದಪ್ಪ ಇದ್ದವನನ್ನು ಮುಂದೆ ಮಾಡುತ್ತೇವೆ. ಶಟರ್ ಎತ್ತಬೇಡ ಎಂದ ಬಾಯಿ ನನ್ನದು. ಅದನ್ನು ಯಾವ ದೇವರ ಮುಂದೆ ಹೇಳಿದರೂ ಹಗುರಾಗಲಿಲ್ಲ.

ಮಂಗಳವಾರ ಇಬ್ಬರಿಗೂ ತಲೆನೋವು. ನನ್ನದು ಮಧ್ಯಾಹ್ನಕ್ಕೆ ಹೋಯಿತು. ಅವನು ವಾಂತಿ ಮಾಡಿಕೊಂಡು ಮಲಗಿದ. ಉಪವಾಸ ಬಿಟ್ಟು ರಾತ್ರಿ ಗಬಗಬ ತಿಂದದ್ದಕ್ಕೆ ಹೀಗಾಗಿದೆ ಎಂದು ಅವ್ವ ಬೈದಳು. ಬುಧವಾರ ಬಲಗಡೆ ಪಕ್ಕೆಯ ಕೆಳಗೆ ನೋವು ಅಂದ, ಹತ್ತಿರದ ದವಾಖಾನೆಯಲ್ಲಿ ಪಿತ್ತ ಎಂದು ಗುಳಿಗೆ ಕೊಟ್ಟರು. ಗುರುವಾರ ಮುಂಜಾನೆ ಅವ್ವ ಚಹಾ ಕೊಡಲು ಹೋದವಳು ಅವನ ಮುಖ ನೋಡಿ ಕಪ್ಪನ್ನು ನೆಲಕ್ಕಿಟ್ಟು ಹಿಂದೆ ಸರಿದಳು. ಅವನ ಕಣ್ಣು ಹಳದಿಯಾಗಿದ್ದವು. ಆ ಬಣ್ಣವನ್ನು ಅವಳಿಗೆ ಯಾರೂ ಗುರುತು ಹಿಡಿದು ಹೇಳಬೇಕಾಗಿರಲಿಲ್ಲ.

ಬಸವಕಲ್ಯಾಣದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ಲಿವರ್ ತುಂಬ ಕೊಬ್ಬು ಎಂದು ಬಂತು. ಅವರು ಕಾಗದದಿಂದ ಕಣ್ಣೆತ್ತಿ, "ದಿನಾ ಎಷ್ಟು ಕುಡಿತೀಯಪ್ಪಾ?" ಎಂದು ಕೇಳಿದರು.

"ಕುಡಿಯಂಗಿಲ್ರಿ ಸಾಬ್" ಅಂದ ತಮ್ಮ.

"ಎಲ್ಲಾರೂ ಹಂಗೇ ಅಂತಾರ. ಖರೇ ಹೇಳಿದ್ರ ಔಷಧ ನಾಟ್ತದ."

"ಆಣಿ ಮಾಡಿ ಹೇಳ್ತೀನ್ರಿ, ಒಂದು ಹನಿ ಮುಟ್ಟಿಲ್ಲ."

ಬಾಗಿಲಲ್ಲಿ ನಿಂತಿದ್ದ ಅವ್ವ ಮೆಲ್ಲಗೆ, "ನಿಮ್ಮಪ್ಪನೂ ಹಿಂಗೇ ಆಣಿ ಮಾಡ್ತಿದ್ದ" ಅಂದಳು. ಆಮೇಲೆ ಅವನ ಜೊತೆ ಮಾತು ಬಿಟ್ಟಳು.

ಆಗ ನಾನು ಬಾಯಿ ಬಿಡಬೇಕಿತ್ತು. ಕುಡಿಯುವವನು ನಾನು, ಇವನಲ್ಲ ಎಂದು ಹೇಳಬೇಕಿತ್ತು. ಅವ್ವನ ಮುಂದೆ ಹೇಳಲು ನಾಚಿಕೆಯಾಯಿತು. ಡ್ರಮ್ಮಿನ ವಿಷಯ ಮಾತ್ರ ಹೇಳಿದೆ. ಡಾಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿನಗೆ ಏನಾದರೂ ಆಗಿದೆಯೇ ಎಂದು ಕೇಳಿದರು. ಏನೂ ಇಲ್ಲ ಅಂದೆ. ಅಷ್ಟಕ್ಕೆ ಆ ಮಾತು ಮುಗಿಯಿತು. ಚೀಟಿಯ ಮೇಲೆ ಮದ್ಯ ಸೇವನೆ ಎಂದು ಬರೆದರು. ಆ ಚೀಟಿ ಮುಂದೆ ನಾವು ಹೋದಲ್ಲೆಲ್ಲ ನಮಗಿಂತ ಮೊದಲು ಮಾತಾಡಿತು.

ಶುಕ್ರವಾರ ಹುಮನಾಬಾದಿಗೆ ಹೋದೆವು. ಅಲ್ಲಿನ ಒಂದು ಆಸ್ಪತ್ರೆಗೆ ಆ ದಿನ ಕಲಬುರಗಿಯಿಂದ ಹೊಟ್ಟೆಯ ಡಾಕ್ಟರು ಬರುತ್ತಾರೆಂದು ಯಾರೋ ಹೇಳಿದ್ದರು. ಬಸ್ಸಿನಲ್ಲಿ ತಮ್ಮ ಎರಡು ಸೀಟು ಹಿಡಿದು ಕಿಟಕಿಗೆ ತಲೆ ಆನಿಸಿ ಕುಳಿತಿದ್ದ. ಅವ್ವ ಬೇಕೆಂತಲೇ ಹಿಂದಿನ ಸೀಟಿನಲ್ಲಿ ಕುಳಿತಳು. ಅವನು ಎರಡು ಸಲ ಹಿಂದೆ ತಿರುಗಿ ಅವಳನ್ನು ನೋಡಿದ. ಅವಳು ಹೊರಗೆ ನೋಡಿದಳು.

"ಅಣ್ಣಾ, ಅವ್ವ ನನ್ನ ಮಾತು ನಂಬವಲ್ಲಳು. ನೀ ಹೇಳು" ಅಂದ.

"ಹೇಳ್ತೀನೋ. ಮೊದಲು ಆರಾಮಾಗು" ಅಂದೆ.

ಹೊಟ್ಟೆಯ ಡಾಕ್ಟರು ಒಳ್ಳೆಯವರೇ. ಕೂಡಲೇ ದಾಖಲು ಮಾಡಿಕೊಂಡರು. ನಾನು ಡ್ರಮ್ಮಿನ ಕಥೆ ಮೊದಲಿಂದ ಹೇಳಿದೆ. ಅವರು ಪೂರ್ತಿ ಕೇಳಿ, ಬೇರೆ ಯಾರು ಯಾರು ಆ ದ್ರವ ಮುಟ್ಟಿದ್ದರು ಎಂದರು. ನಾನೊಬ್ಬನೇ ಎಂದೆ. ಅವರ ಕಣ್ಣು ಹಿಂದಿನ ಚೀಟಿಯ ಕಡೆ ಹೋಯಿತು. ಒಂದೇ ಕೋಣೆ, ಒಂದೇ ದ್ರವ, ನೀನು ಚೆನ್ನಾಗಿದ್ದೀಯ, ಅದರಲ್ಲಿ ಏನಿತ್ತೆಂದು ತಿಳಿದು ಬಂದರೆ ನೋಡೋಣ ಎಂದು ಹೇಳಿ ಹೊರಟರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ನನ್ನ ಮೈಯ ಮೇಲೆಯೇ ನನಗೆ ಸಿಟ್ಟು ಬಂತು. ಜ್ವರವಾದರೂ ಬರಬಾರದೇ, ಒಂದು ವಾಂತಿಯಾದರೂ ಆಗಬಾರದೇ ಎಂದು ಆಸ್ಪತ್ರೆಯ ನಲ್ಲಿಯ ಮುಂದೆ ನಿಂತು ಬೇಡಿಕೊಂಡೆ. ಹಾಗೆ ಬೇಡಿಕೊಂಡವನು ಹುಮನಾಬಾದಿನಲ್ಲಿ ನಾನೊಬ್ಬನೇ ಇರಬೇಕು.

ಶನಿವಾರ ಮುಂಜಾನೆ ತಮ್ಮನ ಮಾತು ತಪ್ಪತೊಡಗಿತು. ಪಾನಾ ಕೊಡು, ಹನ್ನೆರಡರ ಪಾನಾ ಎಂದು, ಷೆಡ್ಡಿನಲ್ಲಿ ನಟ್ಟು ಬಿಚ್ಚುತ್ತಿರುವವನಂತೆ ನರ್ಸಿಗೆ ಹೇಳುತ್ತಿದ್ದ. ಕೈ ಮುಂದೆ ಚಾಚು ಅಂದರೆ ಅಂಗೈ ತನ್ನಷ್ಟಕ್ಕೆ ಬಡಿದುಕೊಳ್ಳುತ್ತಿತ್ತು. ವಿಷ ತಲೆಗೇರುತ್ತಿದೆ ಎಂದರು. ನಾನು ಆಟೋ ಹಿಡಿದು ಮಾಣಿಕನಗರದ ಆಚೆ ಡ್ರಮ್ಮಿನ ವ್ಯಾಪಾರಿಯ ಅಂಗಳಕ್ಕೆ ಹೋದೆ. ಅವನು ಡ್ರಮ್ಮುಗಳನ್ನು ಬೋರಲು ಹಾಕಿಸುತ್ತಿದ್ದ.

"ಸೇಠ, ಅದರಾಗ ಏನಿತ್ತು ಅಷ್ಟು ಹೇಳ್ರಿ. ಜಗಳಕ್ಕ ಬಂದಿಲ್ಲ, ಪೊಲೀಸರ ಹತ್ರನೂ ಹೋಗಂಗಿಲ್ಲ. ಡಾಕ್ಟರಿಗಿ ಹೇಳಬೇಕಾಗ್ಯಾದ."

"ನನಗೇನ್ ಗೊತ್ತು ಮಿಸ್ತ್ರಿ? ಹತ್ತು ಕಡಿಯಿಂದ ಬರ್ತದ, ಕೂಡಿಸಿ ತುಂಬ್ತೀವಿ. ಮತ್ತ ಒಂದು ಮಾತು. ಅದು ವಿಷ ಆಗಿದ್ರ ನೀ ಇಲ್ಲಿ ನಿಂತು ನನಗ ಕೇಳ್ತಿದ್ದೇನು? ನಿನ್ನ ತಮ್ಮನ ಮಗ್ಗಲಿಗೇ ಬಿದ್ದಿರ್ತಿದ್ದಿ."

ಸಿಟ್ಟು ನೆತ್ತಿಗೇರಿತು. ಅವನಿಗೆ ಎರಡು ಬಿಡಬೇಕೆಂದು ಕೈ ಎತ್ತಿದೆ. ಎತ್ತಿದ ಕೈ ನೋಡಿ ನನಗೇ ಅಳು ಬಂತು, ಅಷ್ಟು ಗಟ್ಟಿಯಾಗಿತ್ತು ಅದು. ಆಟೋದಲ್ಲಿ ವಾಪಸು ಬರುವಾಗ ಒಂದು ವಿಚಾರ ಬಂತು. ನಾನು ಚೆನ್ನಾಗಿದ್ದೇನೆ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಒಳಗೆ ನೋಡಿದವರು ಯಾರು? ಗೇರ್‌ಬಾಕ್ಸ್ ಸದ್ದು ಮಾಡುತ್ತಿಲ್ಲ ಎಂದ ಮಾತ್ರಕ್ಕೆ ಹಲ್ಲು ಸವೆದಿಲ್ಲ ಎಂದು ನಾನು ಯಾವ ಡ್ರೈವರನಿಗೂ ಹೇಳಿದ್ದಿಲ್ಲ.

ಆಸ್ಪತ್ರೆಯ ಲ್ಯಾಬಿನ ಕಿಂಡಿಯಲ್ಲಿ ತೋಳು ಒಡ್ಡಿದೆ.

"ನಿಮಗೇನಾಗ್ಯಾದ್ರಿ?" ಎಂದು ರಕ್ತ ತೆಗೆಯುವವನು ಕೇಳಿದ.

"ಏನೂ ಆಗಿಲ್ಲಪ್ಪಾ. ಆದರ ಛಲೋ ಇತ್ತು" ಅಂದೆ. ಅವನು ನನ್ನ ಬಾಯಿ ವಾಸನೆ ನೋಡುವವನಂತೆ ಸ್ವಲ್ಪ ಮುಂದೆ ಬಾಗಿದ.

ಮೂರು ಗಂಟೆಗೆ ಕಾಗದ ಬಂತು. ನಲವತ್ತರ ಒಳಗೆ ಇರಬೇಕಾದ ಲಿವರಿನ ಲೆಕ್ಕ ನನ್ನದು ಆರುನೂರರ ಹತ್ತಿರ ಇತ್ತು. ತಮ್ಮನದು ಸಾವಿರಗಳಲ್ಲಿತ್ತು, ಆದರೂ ನನ್ನದು ಕೆಟ್ಟಿತ್ತು. ನನ್ನ ಲಿವರಿಗೂ ಪೆಟ್ಟು ಬಿದ್ದಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಆ ಕಾಗದ ಹಿಡಿದು ನಾನು ಓಡಿದ ಹಾಗೆ ಲಾಟರಿ ಹತ್ತಿದವನೂ ಓಡಿರಲಾರ. ಇಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ, ಹೇಳಲು ನಾಚಿಕೆಯಿಲ್ಲ.

ವಾರ್ಡಿನಲ್ಲಿ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು ಒಬ್ಬರೇ ಇದ್ದರು. ಕಾಗದವನ್ನು ಅವರ ಮುಂದೆ ಹಿಡಿದು, ಏದುಸಿರು ಬಿಡುತ್ತಲೇ ಎಲ್ಲವನ್ನೂ ಹೇಳಿದೆ. ಅವ್ವ ಪಕ್ಕದ ಬೆಂಚಿನಲ್ಲೇ ಇದ್ದಳು.

"ಮೇಡಂ, ನಮ್ಮ ಮನ್ಯಾಗ ಕುಡಿಯಾಂವ ನಾನು. ಅವ ಎಂದೂ ಮುಟ್ಟಿಲ್ಲ. ನಾನೂ ಶ್ರಾವಣ ಅಂತ ಬಿಟ್ಟೀನಿ, ಮೂರು ವಾರ ಆತು. ಮತ್ತ ನಂದ್ಯಾಕ ಹಿಂಗ ಬಂತು ಹೇಳ್ರಿ?"

ಅವರು ಕುರ್ಚಿಯಲ್ಲಿ ಕುಳಿತು ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಂಡರು. ಆಮೇಲೆ ನರ್ಸಿಗೆ ಒಂದು ಔಷಧದ ಹೆಸರು ಹೇಳಿ ಬೇಗ ಸಲೈನಿಗೆ ಹಚ್ಚಲು ಕಳಿಸಿದರು, ಹೊಟ್ಟೆಯ ಡಾಕ್ಟರಿಗೂ ಹೈದರಾಬಾದಿನ ಆಸ್ಪತ್ರೆಗೂ ಫೋನ್ ಮಾಡಿದರು. ಎಲ್ಲ ಆದಮೇಲೆ ನನ್ನ ಕಡೆ ತಿರುಗಿದರು.

"ನೀವು ಜಿಡ್ಡು ತೊಳಿಯೋರು, ನಿಮಗ ಲಗೂನ ತಿಳೀತದ. ಆ ದ್ರವ ಜಿಡ್ಡು ಇದ್ದಲ್ಲಿ ಹೋಗಿ ಕೂಡ್ತದ. ಇವರ ಮೈಯಾಗ, ಲಿವರ್‌ನಾಗ ಕೊಬ್ಬು ತುಂಬ್ಯಾದ. ಲಿವರ್ ಆ ದ್ರವಾನ ಒಡದು ಹೊರಗ ಹಾಕಾಕ ನೋಡ್ತದ. ಒಡದಾಗ ಹುಟ್ಟೋದೇ ಖರೇ ವಿಷ. ಕೊಬ್ಬಿದ್ದ ಲಿವರ್ ಈ ಕೆಲಸ ಜೋರು ಮಾಡ್ತದ, ತಡಕೊಳ್ಳೋ ತಾಕತ್ತು ಮಾತ್ರ ಅದಕ್ಕ ಕಮ್ಮಿ. ಮ್ಯಾಲ ಅವತ್ತು ಉಪವಾಸ ಬ್ಯಾರೆ ಇದ್ರು. ನೀವಿಬ್ಬರೂ ಕುಂತಿದ್ದು ಒಂದೇ ಕಡಿ, ಆದ್ರ ಪೆಟ್ಟು ಒಂದೇ ಅಲ್ಲ."

"ಅಂದ್ರ ದಪ್ಪ ಇದ್ದವರಿಗಿ ಜಾಸ್ತಿ ತಾಗ್ತದೇನ್ರಿ?"

"ಇಂಥಾದ್ದು ಜಾಸ್ತಿನೇ ತಾಗಬಹುದು. ಈ ಔಷಧ ಮೊದಲನೇ ದಿನ ಬಿದ್ದಿದ್ರ ಛಲೋ ಇತ್ತು. ಈಗಲೂ ಹಾಕ್ತೀವಿ."

ಅವರ ಮುಖ ನೋಡಿದರೆ ಸಾಕಾಗಿತ್ತು. ಮೊದಲನೇ ದಿನ ಅವನು ಶಟರ್ ಎತ್ತಲೇನು ಎಂದು ಕೇಳಿದ್ದ.

ಆಂಬುಲೆನ್ಸ್ ಬರುವ ಹೊತ್ತಿಗೆ ಐದು ಗಂಟೆ. ಅವನನ್ನು ಎತ್ತಿ ಒಳಗೆ ಇಡಲು ಆರು ಜನ ಬೇಕಾದರು. ಹೈದರಾಬಾದಿನ ದಾರಿ ಹಿಡಿದೆವು. ನರ್ಸ್ ತಲೆಯ ಕಡೆ, ನಾನು ಮತ್ತು ಅವ್ವ ಒಂದು ಪಕ್ಕ. ಅವನು ಕಣ್ಣು ಮುಚ್ಚಿದ್ದ, ಕರೆದರೆ ಓಗೊಡುತ್ತಿರಲಿಲ್ಲ, ಮೂಗಿಗೆ ಆಕ್ಸಿಜನ್ ಮುಖವಾಡ. ಎರಡು ದಿನ ಅವನ ಕಡೆ ನೋಡದಿದ್ದ ಅವ್ವ ಈಗ ಅವನ ಪಾದ ಹಿಡಿದು ಕುಳಿತಿದ್ದಳು. ಸ್ವಲ್ಪ ದೂರ ಹೋದಮೇಲೆ ನನ್ನ ಕೈಯಲ್ಲಿದ್ದ ಕಾಗದದ ಮೇಲೆ ಬೆರಳಿಟ್ಟಳು. ಅವಳಿಗೆ ಓದು ಬರುವುದಿಲ್ಲ.

"ಇದರಾಗ ಅವ ಕುಡದಿಲ್ಲ ಅಂತ ಬರದಾದೇನು?"

ಅದರಲ್ಲಿ ಹಾಗೇನೂ ಇರಲಿಲ್ಲ. ನನ್ನ ಹೆಸರು, ನನ್ನ ವಯಸ್ಸು, ನನ್ನ ಲಿವರಿನ ಲೆಕ್ಕಗಳು, ಕೆಳಗೊಂದು ಸಹಿ. ತಮ್ಮನ ಬಗ್ಗೆ ಒಂದಕ್ಷರವೂ ಇರಲಿಲ್ಲ.

"ಹೌದವ್ವಾ, ಬರದಾದ" ಅಂದೆ.

"ಅವನಿಗಿ ಓದಿ ಹೇಳು. ಅವ್ವನ ಮುಂದ ಓದೀನಿ, ಅವ್ವ ಕೇಳ್ಯಾಳ ಅಂತ ಹೇಳು."

ಅವನ ಕಿವಿಯ ಹತ್ತಿರ ಬಾಯಿ ಇಟ್ಟು ನನ್ನ ಲೆಕ್ಕಗಳನ್ನು ಮೇಲಿಂದ ಕೆಳಗೆ ಓದಿದೆ. ಒಂದೊಂದು ಲೆಕ್ಕದ ನಂತರವೂ, ನೀ ಕುಡದಿಲ್ಲ, ಅವ್ವ ಕೇಳಾಕತ್ಯಾಳ, ನೀ ಕುಡದಿಲ್ಲ ಎಂದು ಸೇರಿಸಿದೆ. ಕಣ್ಣು ತೆರೆಯಲಿಲ್ಲ. ಇನ್ನೊಮ್ಮೆ ಓದು ಅಂದಳು ಅವ್ವ. ಓದಿದೆ. ಜಹೀರಾಬಾದ್ ಇನ್ನೂ ಬಂದಿರಲಿಲ್ಲ. ನರ್ಸ್ ಅವನ ಕೊರಳಿನಲ್ಲಿ ಬೆರಳಿಟ್ಟು ಬಹಳ ಹೊತ್ತು ನೋಡಿದಳು, ಡ್ರೈವರನಿಗೆ ಗಾಡಿ ನಿಧಾನ ಮಾಡಲು ಹೇಳಿದಳು, ಮುಖವಾಡ ತೆಗೆದು ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದಳು. ನಾನು ಕಾಗದ ಮಡಚಲು ಹೋದೆ.

ಅವ್ವ ನನ್ನ ಮಣಿಕಟ್ಟು ಹಿಡಿದಳು. "ನಿಲ್ಲಿಸಬ್ಯಾಡ," ಅಂದಳು, "ಅವ ನನ್ನ ಕಡಿಂದ ಇನ್ನಾ ಕೇಳಿಲ್ಲ." ಆಮೇಲೆ ಅವನ ಮುಖದ ಮೇಲೆ ಬಗ್ಗಿ ಅದೇ ಲೆಕ್ಕಗಳನ್ನು ನನ್ನಿಂದ ಒಂದೊಂದಾಗಿ ಹೇಳಿಸಿಕೊಂಡು, ಅರ್ಥ ಗೊತ್ತಿಲ್ಲದೆ, ತನ್ನ ಬಾಯಿಂದ ಅವನಿಗೆ ಹೇಳತೊಡಗಿದಳು.